ಸಿಲ್ವರ್ ಓಕ್ ದಿಮ್ಮಿಗಳ ತೋಟದ ಮನೆಯನ್ನು ಮನೆಯವರೇ ಸೇರಿ ಕಟ್ಟುವ ಬಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಮರವು ಕಂಬ, ತೊಲೆ, ಪಕಾಸಿಗಳಾಗಿ ನಿಂತಿತೇ ಹೊರತು ಗೋಡೆ ಸಾಮಾನ್ಯವಾಗಿ ಮಣ್ಣಿನದೋ ಜಂಬಿಟ್ಟಿಗೆಯದೋ ಆಗಿರುತ್ತಿತ್ತು. ಆದ್ದರಿಂದ ದಿಮ್ಮಿಗಳನ್ನು ಅಡ್ಡಲಾಗಿ ಪೇರಿಸಿ ಗೋಡೆ ಎಬ್ಬಿಸಲು ಹೊರಟವರು ಮಳೆ, ಒರಲೆ (ಗೆದ್ದಲು) ಮತ್ತು ಮರದ ಕುಗ್ಗುವಿಕೆ ಎಂಬ ಮೂರನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಈ ಕೆಲಸಕ್ಕೆ ಒದಗುತ್ತದೆ. ಅದು ನೆಟ್ಟಗೆ ಬೆಳೆಯುತ್ತದೆ, ಮೇಲಾಗಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಮಳೆ ನಿಂತ ಮೇಲೆ, ಡಿಸೆಂಬರ್–ಜನವರಿಯಲ್ಲಿ ಕಡಿದು, ಹುಳು ಹೊಗುವ ಮೊದಲೇ ತೊಗಟೆ ಸುಲಿದು, ನೆಲಕ್ಕೆ ತಾಗದಂತೆ ನೆರಳಿನಲ್ಲಿ ಒಂದು ವರ್ಷ ಒಣಗಿಸಿರಿ. 12 ಅಡಿ ಅಗಲ, 16 ಅಡಿ ಉದ್ದದ ಒಂದು ಕೋಣೆಗೆ 9 ಅಂಗುಲ ದಪ್ಪದ ಸುಮಾರು 40 ದಿಮ್ಮಿಗಳು ಬೇಕಾಗುತ್ತವೆ.

ಒಣಗಿದಂತೆ ಕಾಣುವ ದಿಮ್ಮಿಯೂ ಗೋಡೆಯಲ್ಲಿ ಇನ್ನಷ್ಟು ಒಣಗುತ್ತದೆ. ಮರ ಉದ್ದದಲ್ಲಿ ಕುಗ್ಗುವುದು ತೀರಾ ಕಡಿಮೆ, ದಪ್ಪದಲ್ಲಿ ಮಾತ್ರ ಸಾಕಷ್ಟು ಕುಗ್ಗುತ್ತದೆ. ಹೀಗಾಗಿ 8 ಅಡಿ ಎತ್ತರದ ಗೋಡೆ ಕೆಲವು ವರ್ಷಗಳಲ್ಲಿ ಮೂರು–ನಾಲ್ಕು ಅಂಗುಲ ಇಳಿಯಬಹುದು. ದಾರಂದದ ಮೇಲೆ ಅಷ್ಟು ಜಾಗ ಬಿಡದಿದ್ದರೆ ಗೋಡೆಯ ಭಾರವೆಲ್ಲ ಬಾಗಿಲ ಮೇಲೆ ಕೂರುತ್ತದೆ. ಜಗಲಿಯ ಕಂಬಗಳು ನೆಟ್ಟಗೆ ನಿಂತಿರುವುದರಿಂದ ಅವು ಇಳಿಯುವುದಿಲ್ಲ. ಅವುಗಳ ಬುಡದಲ್ಲಿ ಸ್ಕ್ರೂ ಜಾಕ್ ಇಟ್ಟು, ಗೋಡೆ ಇಳಿದಂತೆ ತಿರುಗಿಸಿ ತಗ್ಗಿಸಬೇಕು. ಮೂಲೆಯಲ್ಲಿ ದಿಮ್ಮಿಗಳು ಒಂದರ ಮೇಲೊಂದು ಕೂರಲು ಕೊರೆಯುವ ಕಚ್ಚನ್ನು ಯಾವಾಗಲೂ ಮೇಲಿನ ದಿಮ್ಮಿಯ ಕೆಳಭಾಗದಲ್ಲೇ ತೆಗೆಯಿರಿ. ಕೆಳಗಿನದರ ಮೇಲ್ಭಾಗದಲ್ಲಿ ತೆಗೆದರೆ ಅದು ಮಳೆನೀರು ನಿಲ್ಲುವ ಬಟ್ಟಲಾಗುತ್ತದೆ.

ಇಂಥ ದಿಮ್ಮಿ ಹಸಿಯಾಗಿದ್ದಾಗ 200 ಕಿಲೋ ತೂಗಬಹುದು, ಒಣಗಿದ ಮೇಲೂ ಇಬ್ಬರಿಂದ ಏಳುವಂಥದ್ದಲ್ಲ. ಗೋಡೆಗೆ ಎರಡು ಗಟ್ಟಿ ಗಳಗಳನ್ನು ಓರೆಯಾಗಿ ಒರಗಿಸಿ, ಎರಡು ಹಗ್ಗಗಳ ತುದಿಯನ್ನು ಮೇಲೆ ಕಟ್ಟಿ, ದಿಮ್ಮಿಯ ಅಡಿಯಿಂದ ಸುತ್ತಿ ತಂದು ಮೇಲಿನಿಂದ ಎಳೆದರೆ ಅದು ಉರುಳಿಕೊಂಡು ಏರುತ್ತದೆ, ಎಳೆತದ ಭಾರವೂ ಸುಮಾರು ಅರ್ಧಕ್ಕಿಳಿಯುತ್ತದೆ. ಎಳೆಯುವಾಗ ದಿಮ್ಮಿಯ ಕೆಳಗೆ ಯಾರೂ ನಿಲ್ಲಕೂಡದು. ಅಣ್ಣತಮ್ಮಂದಿರು, ಭಾವಮೈದುನರು ಮುಯ್ಯಾಳಾಗಿ (ಕೆಲಸಕ್ಕೆ ಕೆಲಸ ಎಂಬಂತೆ) ಬರುವ ದಿನಗಳನ್ನು ಈ ಎತ್ತುವ ಕೆಲಸಕ್ಕೇ ಮೀಸಲಿಡಿ. ತೊಗಟೆ ಸುಲಿಯುವುದಕ್ಕೂ ಎಣ್ಣೆ ಹಚ್ಚುವುದಕ್ಕೂ ಮನೆಮಂದಿಯೇ ಸಾಕು. ಯಂತ್ರಗರಗಸ ಮಾತ್ರ ಪಳಗಿದ ಒಬ್ಬರ ಕೈಯಲ್ಲೇ ಇರಲಿ.

ಸಿಲ್ವರ್ ಓಕ್ ಒರಲೆಯನ್ನು ತಡೆಯುವ ಮರವಲ್ಲ. ಎರಡು ಅಡಿ ಎತ್ತರದ ಜಂಬಿಟ್ಟಿಗೆ ಪಂಚಾಂಗ (ಅಡಿಪಾಯದ ಕಟ್ಟೆ), ಅದರ ಮೇಲೆ ಒರಲೆ ಹತ್ತದಂತೆ ಅಂಚು ಹೊರಚಾಚಿದ ತಗಡು, ಆಮೇಲೆ ಮೊದಲ ದಿಮ್ಮಿ ಎಂಬ ಕ್ರಮ ತಪ್ಪಬಾರದು. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಬಳಿದು, ಒಣಗಿದ ಮೇಲೆ ಹೊರಮೈಗೆ ಗೇರುಎಣ್ಣೆ ಹಚ್ಚಿರಿ. ಅದು ಚರ್ಮ ಸುಡುವುದರಿಂದ ಕೈಗವಸು ಬೇಕೇ ಬೇಕು. ದ್ರಾವಣವನ್ನು ಮಳೆ ತೊಳೆದುಬಿಡುವುದರಿಂದ ಹಂಚಿನ ಮಾಡಿನ ಸೂರು ನಾಲ್ಕು ಅಡಿಯಾದರೂ ಹೊರಚಾಚಿರಲಿ.

ತೋಟದ ಮನೆಗೆ ವಿದ್ಯುತ್ತನ್ನೂ ಅಲ್ಲೇ ಮಾಡಿಕೊಳ್ಳಬಹುದು. ನಾಲ್ಕೈದು ಎಲ್‌ಇಡಿ ದೀಪ, ಒಂದು ಫ್ಯಾನು, ಮೊಬೈಲುಗಳಿಗೆ ದಿನಕ್ಕೆ ಅರ್ಧ ಯೂನಿಟ್ ಸಾಲುತ್ತದೆ. 400 ವ್ಯಾಟ್ ಸೌರಫಲಕ, 150 ಆಂಪಿಯರ್–ಅವರ್ ಬ್ಯಾಟರಿ ಬೇಸಿಗೆಯಲ್ಲಿ ಅದನ್ನು ಧಾರಾಳವಾಗಿ ಪೂರೈಸುತ್ತವೆ. ಆಷಾಢದ ಮೋಡದಲ್ಲಿ ಫಲಕ ಸೋಲುವ ದಿನಗಳಲ್ಲೇ ತೋಟದ ಹಳ್ಳ ತುಂಬಿ ಹರಿಯುತ್ತಿರುತ್ತದೆ: 20 ಮೀಟರ್ ಎತ್ತರದಿಂದ ಸೆಕೆಂಡಿಗೆ 3 ಲೀಟರ್ ನೀರನ್ನು ಪೈಪಿನಲ್ಲಿ ಇಳಿಸಿದರೆ ಸಣ್ಣ ಟರ್ಬೈನ್ ಹಗಲಿರುಳೂ ಸುಮಾರು 300 ವ್ಯಾಟ್ ಕೊಡಬಲ್ಲದು.