ಅಡಿ ಬೇರೆ, ಟಿಎಂಸಿ ಬೇರೆ: ಗುಂಪಿನ ಅಸಂಬದ್ಧ ಮಾತುಗಳನ್ನು ಹಿಡಿದು ನಿಲ್ಲಿಸಿದ ನನ್ನ ಅನುಭವ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾಜಕೀಯದ ಹೆಸರಿನಲ್ಲಿ ಬರುವ ಅಸಂಬದ್ಧ ಮಾತನ್ನು ಎಲ್ಲರೆದುರಿಗೇ ಹಿಡಿದು ನಿಲ್ಲಿಸಿ, ಆಡಿದವರಿಂದಲೇ ಅದನ್ನು ಹಿಂದಕ್ಕೆ ತೆಗೆಸುವುದು ಆಗದ ಕೆಲಸವೆಂದು ನನಗೆ ಹೇಳದವರಿಲ್ಲ. ನಮ್ಮ ಗುಂಪಿನ ಅಡ್ಮಿನ್ ಹೇಳಿದರು, ನನ್ನ ಹೆಂಡತಿ ಹೇಳಿದಳು, ಪಕ್ಕದ ರಸಗೊಬ್ಬರದ ಅಂಗಡಿಯವರಂತೂ ನಾಯಿಬಾಲದ ಗಾದೆಯನ್ನೇ ತಿಂಗಳಿಗೆರಡು ಸಲ ಹೇಳುತ್ತಿದ್ದರು. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು, ಕಳೆದ ಕೆಲವು ವರ್ಷಗಳಲ್ಲಿ ಈ ಕೆಲಸವನ್ನು ಒಂದು ಹದಕ್ಕೆ ತಂದಿದ್ದೇನೆ. ಸುಮಾರು ಇನ್ನೂರ ನಲವತ್ತು ಜನರಿರುವ ನಮ್ಮ ಊರಿನ ಗುಂಪಿನಲ್ಲಿ ಈಗ ಯಾರೇ ಅಂಕಿ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾರೆ. ಇಂಥ ಗುಂಪುಗಳನ್ನು ನಡೆಸುವವರಿಗೆ, ಅದರಲ್ಲಿ ಸಿಕ್ಕಿ ನರಳುವವರಿಗೆ ಇದರಿಂದ ಏನಾದರೂ ಸಿಗಬಹುದೆಂದು ಬರೆಯುತ್ತಿದ್ದೇನೆ.

ನನ್ನ ಮೊದಲ ಸೋಲಿಗೆ ಸಾವಿರ ರೂಪಾಯಿ ಹೋಯಿತು. 2016ರ ನವೆಂಬರ್‌ನಲ್ಲಿ ಹೊಸ 2,000 ರೂಪಾಯಿಯ ನೋಟು ಬಂದಾಗ, ಅದರೊಳಗೆ ಜಿಪಿಎಸ್ ಚಿಪ್ ಇದೆಯೆಂದೂ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಸುಳಿವು ಸಿಗುತ್ತದೆಯೆಂದೂ ಬಂದ ಸಂದೇಶವನ್ನು ನೀವೆಲ್ಲರೂ ನೋಡಿರುತ್ತೀರಿ. ನಮ್ಮ ಸಾಲಿನ ಅಂಗಡಿಯವರೊಬ್ಬರು ಅದನ್ನು ಗುಂಪಿಗೆ ಹಾಕಿ, ಕಪ್ಪುಹಣದ ಕಥೆ ಮುಗಿಯಿತೆಂದು ಬರೆದರು. ನಾನು ಪುರಾವೆ ತೋರಿಸುವ ಹುಮ್ಮಸ್ಸಿನಲ್ಲಿ ಅವರನ್ನು ಅಂಗಡಿಗೆ ಕರೆದು, ನೋಟನ್ನು ನೀರಿನಲ್ಲಿ ನೆನೆಸಿ, ಸ್ಕ್ಯಾನರ್‌ನ ಬೆಳಕಿಗೆ ಹಿಡಿದು ತೋರಿಸಿದೆ. ಚಿಪ್ಪು ಕಣ್ಣಿಗೆ ಕಾಣುವಂಥದ್ದಲ್ಲ ಎಂದರು. ಅವರು ಆ ಕಡೆಯಿಂದ ಎಳೆದರು, ನಾನು ಈ ಕಡೆಯಿಂದ ಹಿಡಿದುಕೊಂಡೆ, ನೆಂದ ನೋಟು ನಡುವೆ ಹರಿಯಿತು. ಅವರ ಕೈಗೆ ಬಂದ ತುಂಡು ಚಿಪ್ ಹುಡುಕಲೆಂದು ಯಾರ ಯಾರ ಕೈಗೋ ಹೋಗಿ ಕಳೆದುಹೋಯಿತು. ಹರಿದ ನೋಟಿನ ಮರುಪಾವತಿ ನಿಯಮಗಳಲ್ಲಿ 2,000ದ ನೋಟಿನ ಅಳತೆಯನ್ನು ಸೇರಿಸಿದ್ದು 2018ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ನನ್ನ ಅರ್ಧ ನೋಟು ಗಲ್ಲಾಪೆಟ್ಟಿಗೆಯ ತಳದಲ್ಲಿ ಮಲಗಿತ್ತು. ಹೊಸ ನಿಯಮದ ಪ್ರಕಾರ 88 ಚದರ ಸೆಂಟಿಮೀಟರ್ ಉಳಿದಿದ್ದರೆ ಪೂರ್ತಿ ಹಣ, 44 ಉಳಿದಿದ್ದರೆ ಅರ್ಧ. ನನಗೆ ಅರ್ಧ ಬಂತು. ಕಣ್ಣೆದುರಿಗೆ ನೋಟು ಹರಿದರೂ ಆ ಮನುಷ್ಯ ತಾನು ಹೇಳಿದ್ದನ್ನು ಬಿಟ್ಟುಕೊಡಲಿಲ್ಲವೆಂಬುದೇ ಅವತ್ತು ನನಗೆ ಅರ್ಥವಾಗದ ಸಂಗತಿಯಾಗಿತ್ತು.

ಎರಡನೆಯ ಸೋಲು ಇನ್ನೂ ದುಬಾರಿಯಾಯಿತು. ಕಾವೇರಿ ನೀರಿನ ಬಗ್ಗೆ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ, ಕೋರ್ಟು ನಮ್ಮ ಪಾಲನ್ನು ಕಡಿತ ಮಾಡಿದೆಯೆಂದು ಖಾಸಗಿ ಶಾಲೆಯೊಂದರ ಆಡಳಿತದಲ್ಲಿದ್ದ ಹಿರಿಯರೊಬ್ಬರು ಗುಂಪಿನಲ್ಲಿ ಗುಡುಗಿದರು. ಕಾವೇರಿ ನ್ಯಾಯಮಂಡಳಿ 2007ರಲ್ಲಿ ನಮಗೆ ಕೊಟ್ಟಿದ್ದು 270 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು); ಕೋರ್ಟು ಅದಕ್ಕೆ 14.75 ಸೇರಿಸಿ 284.75 ಮಾಡಿತ್ತು, ಅಷ್ಟನ್ನೇ ತಮಿಳುನಾಡಿನ 419ರಿಂದ ಕಳೆದು 404.25ಕ್ಕೆ ಇಳಿಸಿತ್ತು. ಇಷ್ಟನ್ನು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಅದರ ಜೊತೆಗೆ, ಕೂಡುವುದಕ್ಕೂ ಕಳೆಯುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಶಾಲೆ ನಡೆಸಿದರೆ ಮಕ್ಕಳ ಗತಿಯೇನು ಎಂದೂ ಬರೆದೆ. ಮೂವತ್ತು ಜನ ನಗುವ ಮುಖದ ಚಿತ್ರ ಕಳಿಸಿದರು. ಅಡ್ಮಿನ್ ನನ್ನನ್ನು ರಾತ್ರಿಯೇ ಗುಂಪಿನಿಂದ ತೆಗೆದರು. ಆ ಶಾಲೆಯ ಪ್ರಶ್ನೆಪತ್ರಿಕೆ ಟೈಪಿಂಗ್ ಮತ್ತು ಮುದ್ರಣದ ಕೆಲಸ ವರ್ಷಕ್ಕೆ ಹದಿನಾಲ್ಕೋ ಹದಿನೈದೋ ಸಾವಿರ ತರುತ್ತಿತ್ತು; ಅದು ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಹೋಯಿತು, ಇಂದಿಗೂ ವಾಪಸ್ಸು ಬಂದಿಲ್ಲ. ಅಂಕಿ ನನ್ನದೇ ಸರಿಯಾಗಿತ್ತು, ಆದರೆ ಆ ಅಂಕಿಯನ್ನು ಒಬ್ಬರೂ ನೆನಪಿಟ್ಟುಕೊಳ್ಳಲಿಲ್ಲ. ನೆನಪುಳಿದದ್ದು ನನ್ನ ಕೊಂಕು ಮಾತ್ರ.

ಐದಾರು ತಿಂಗಳ ಮೇಲೆ ಕೈಕಾಲು ಹಿಡಿದು ಗುಂಪಿಗೆ ಮರಳಿದ ನಂತರ, ಬಾಯಿ ಮುಚ್ಚಿಕೊಂಡು ದಾಖಲೆ ಮಾತ್ರ ಹಾಕುವ ವಿಧಾನ ಹಿಡಿದೆ. ಅದೇ ತೀರ್ಪಿನ 465 ಪುಟಗಳ ಪಿಡಿಎಫ್ ಹಾಕಿದೆ, ಒಬ್ಬರೂ ತೆರೆಯಲಿಲ್ಲ. ಎರಡೂ ಬದಿಗೆ ಮುದ್ರಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಅಂಗಡಿಯ ಮುಂದೆ ದಾರ ಕಟ್ಟಿ ತೂಗುಹಾಕಿದೆ. ಕಾಗದ, ಟೋನರ್ ಸೇರಿ ಮುನ್ನೂರರ ಹತ್ತಿರ ಖರ್ಚಾಯಿತು. ತಾಲ್ಲೂಕು ಕಚೇರಿಗೆ ಬಂದವರು ಅದನ್ನು ಬೀಸಣಿಗೆಯಾಗಿ ಬಳಸಿದರು.

ಖಾಸಗಿಯಾಗಿ ಸಂದೇಶ ಕಳಿಸಿ ತಿದ್ದಬೇಕು, ಎಲ್ಲರೆದುರಿಗೆ ಹೇಳಿದರೆ ಮನುಷ್ಯ ಹಟಕ್ಕೆ ಬೀಳುತ್ತಾನೆ ಎಂದು ಸಲಹೆ ಕೊಡುವವರು ಬಹಳ. ನಾನೂ ಸುಮಾರು ಎಂಟು ತಿಂಗಳು ಅದನ್ನು ಪ್ರಾಮಾಣಿಕವಾಗಿ ಮಾಡಿ ನೋಡಿದೆ. ಹೆಚ್ಚಿನವರು ಕೈಮುಗಿಯುವ ಚಿತ್ರ ಕಳಿಸಿ, ಗೊತ್ತಿರಲಿಲ್ಲ ಅಣ್ಣ ಎಂದರು. ಗುಂಪಿನಲ್ಲಿ ಹಾಕಿದ್ದನ್ನು ಮಾತ್ರ ಹಾಗೇ ಬಿಟ್ಟರು. ಬಾಯಿಬಿಡದೆ ಓದುವ ಇನ್ನೂರು ಜನರ ಪಾಲಿಗೆ ಆ ಸುಳ್ಳೇ ಕೊನೆಯ ಮಾತಾಯಿತು. ಆದ್ದರಿಂದ ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ: ಎಲ್ಲರೆದುರಿಗೆ ಹೇಳಿದ್ದಕ್ಕೆ ಉತ್ತರವನ್ನೂ ಎಲ್ಲರೆದುರಿಗೇ ಕೊಡಬೇಕು.

ಈಗ ವಿಧಾನಕ್ಕೆ ಬರುತ್ತೇನೆ. ಅದು ಪಕ್ವವಾದದ್ದು 2023ರ ಬರಗಾಲದಲ್ಲಿ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಆರ್‌ಎಸ್ ಮಟ್ಟ 97 ಅಡಿಯ ಆಸುಪಾಸಿಗೆ ಇಳಿದಿತ್ತು, ಬಂದ್‌ಗಳ ಮೇಲೆ ಬಂದ್ ನಡೆಯುತ್ತಿದ್ದವು, ಗುಂಪು ಬೆಂಕಿಯಾಗಿತ್ತು. ಆಗ ವರಸೆಯಲ್ಲಿ ನನಗೆ ಚಿಕ್ಕಪ್ಪನಾಗುವ, ಹಿಂದೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದ ರೈತರೊಬ್ಬರು ಹೀಗೆ ಬರೆದರು: "97 ಅಡಿ ಅಂದ್ರೆ 97 ಟಿಎಂಸಿ ನೀರು. ಅಷ್ಟನ್ನೂ ಬೆಂಗಳೂರಿಗೆ ಅಂತ ಮಡಗವ್ರೆ, ನಮ್ ನಾಲೆಗೆ ಬಿಡ್ತಾ ಇಲ್ಲ." ಅರ್ಧ ಗಂಟೆಯೊಳಗೆ ಅದಕ್ಕೆ ನಲವತ್ತು ಮೆಚ್ಚುಗೆ ಬಿತ್ತು. ಅಣೆಕಟ್ಟು 124.80 ಅಡಿ ಪೂರ್ತಿ ತುಂಬಿದರೂ ಹಿಡಿಯುವುದು 49.45 ಟಿಎಂಸಿ ಮಾತ್ರ ಎಂಬುದು ನನಗೆ ಬಾಯಿಪಾಠವಾಗಿತ್ತು, ಬೆರಳು ತುರಿಸುತ್ತಿತ್ತು. ಆದರೂ ಅವತ್ತು ಉತ್ತರ ಕೊಡಲಿಲ್ಲ. ಎರಡೇ ಪ್ರಶ್ನೆ ಕೇಳಿದೆ. ಮೊದಲನೆಯದು, ಅವರ ಮಾತನ್ನು ಅವರಿಂದಲೇ ಬಿಡಿಸಿ ಹೇಳಿಸುವುದು: "ಚಿಕ್ಕಪ್ಪ, ಕಟ್ಟೆ ಪೂರ್ತಿ ತುಂಬಿದರೆ ಎಷ್ಟು ಟಿಎಂಸಿ ಆಗುತ್ತದೆ ಎಂದು ನಿಮ್ಮ ಲೆಕ್ಕ?" ಅವರು 124 ಎಂದು ಬರೆದರು. ಎರಡನೆಯದು: "ಯಾವ ದಾಖಲೆ ತೋರಿಸಿದರೆ ನೀವು ಒಪ್ಪುತ್ತೀರಿ?" ಅದಕ್ಕೆ ಅವರು, "ಪೇಪರ್‌ನಲ್ಲಿ ದಿನಾ ಬರೋ ಡ್ಯಾಮ್ ಲೆಕ್ಕ ತೋರ್ಸು ಮಗಾ, ಒಪ್ತೀನಿ" ಎಂದರು.

ಒಪ್ಪಿಗೆ ಮೊದಲು, ದಾಖಲೆ ಆಮೇಲೆ ಎಂಬ ಈ ಕ್ರಮವೇ ನನ್ನ ವಿಧಾನದ ಜೀವ. ದಾಖಲೆಯನ್ನು ಮೊದಲೇ ಎಸೆದರೆ, ಅದು ಮಾರಿಕೊಂಡ ಪತ್ರಿಕೆಯದ್ದು, ಸರಕಾರದ್ದು, ಕೋರ್ಟಿನವರಿಗೇನು ಗೊತ್ತು ಎಂಬ ಮಾತು ಬರುತ್ತದೆ. ಅವರೇ ಆರಿಸಿದ ದಾಖಲೆಯನ್ನು ಅವರು ತಳ್ಳಿಹಾಕಲಾರರು. ಮರುದಿನ ಬೆಳಿಗ್ಗೆ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಅಡಿಯ ಕಾಲಂ ಮತ್ತು ಟಿಎಂಸಿಯ ಕಾಲಂ ಎರಡಕ್ಕೂ ಕೆಂಪು ಪೆನ್ನಿನಿಂದ ಗೆರೆ ಎಳೆದು, ನನ್ನ ಹೆಬ್ಬೆರಳು ಚಿತ್ರದೊಳಗೆ ಬರುವಂತೆ ಹಿಡಿದು ಫೋಟೊ ತೆಗೆದು ಹಾಕಿದೆ. ಹೆಬ್ಬೆರಳನ್ನು ಹಾಸ್ಯವೆಂದುಕೊಳ್ಳಬೇಡಿ. ಸ್ಕ್ಯಾನ್ ಮಾಡಿದ ಅಚ್ಚುಕಟ್ಟಾದ ಪುಟವನ್ನು ಕಂಪ್ಯೂಟರಿನಲ್ಲಿ ಮಾಡಿದ್ದು ಎನ್ನುವ ಜನ, ಮಡಿಕೆ ಬಿದ್ದ ಕಾಗದವನ್ನೂ ಅದನ್ನು ಹಿಡಿದ ಬೆರಳನ್ನೂ ನಂಬುತ್ತಾರೆ. ಇದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಫೋಟೊದ ಕೆಳಗೆ ಬರೆದದ್ದು ಮೂರೇ ಸಾಲು: ಪೂರ್ತಿ ತುಂಬಿದರೆ 49.45, ಈಗ ಇರುವುದು ಇಪ್ಪತ್ತರ ಚಿಲ್ಲರೆ, ಆದ್ದರಿಂದ 97 ಟಿಎಂಸಿ ಎಂಬ ಮಾತು ಅಸಂಬದ್ಧ. ಮಾತಿಗೆ ಅಸಂಬದ್ಧವೆಂದೆ, ಮನುಷ್ಯನಿಗೆ ಏನೂ ಅನ್ನಲಿಲ್ಲ.

ಎರಡು ಗಂಟೆ ಗುಂಪು ತಣ್ಣಗಿತ್ತು. ಆಮೇಲೆ ಚಿಕ್ಕಪ್ಪ ಬರೆದರು: "ಅಡಿನೇ ಬೇರೆ, ಟಿಎಂಸಿನೇ ಬೇರೆ ಅಂತಾಯ್ತು. ಆದ್ರೂ ತಮಿಳುನಾಡಿಗೆ ಬಿಡಬಾರ್ದು." ಎರಡನೆಯ ವಾಕ್ಯವನ್ನು ನಾನು ಮುಟ್ಟಲಿಲ್ಲ. ಅದು ಅವರ ಅಭಿಪ್ರಾಯ. ಒಣಗುತ್ತಿರುವ ಭತ್ತದ ಗದ್ದೆಯ ಬದುವಿನಲ್ಲಿ ನಿಂತವರಿಗೆ ಆ ಅಭಿಪ್ರಾಯವಿರುವುದು ಅಸಂಬದ್ಧವೂ ಅಲ್ಲ. ಅಂದು ಸಂಜೆ ನಡೆದದ್ದೇ ನನ್ನ ನಿಜವಾದ ಗೆಲುವು. ಡಿಪ್ಲೊಮಾ ಓದಿದ ಹುಡುಗನೊಬ್ಬ, 5,000 ಕ್ಯುಸೆಕ್‌ನಂತೆ, ಅಂದರೆ ಸೆಕೆಂಡಿಗೆ 5,000 ಘನ ಅಡಿಯಂತೆ, ಹದಿನೈದು ದಿನ ಬಿಟ್ಟರೆ ಸುಮಾರು ಆರೂವರೆ ಟಿಎಂಸಿ ಆಗುತ್ತದೆ, ಅಂದರೆ ಇರುವುದರಲ್ಲಿ ಮೂರನೆಯ ಒಂದು ಪಾಲಿನ ಹತ್ತಿರ ಎಂದು ಗುಣಿಸಿ ಹಾಕಿದ. ಸಿಟ್ಟೇನೂ ಇಳಿಯಲಿಲ್ಲ, ಆದರೆ ಅದಕ್ಕೆ ಸರಿಯಾದ ಲೆಕ್ಕ ಸಿಕ್ಕಿತು.

ನಡುವೆ ಒಂದು ಅಡ್ಡದಾರಿಯ ಪ್ರಯೋಗವನ್ನೂ ಹೇಳಿಬಿಡುತ್ತೇನೆ. 97 ಅಡಿಯಲ್ಲಿ ಅರ್ಧಕ್ಕಿಂತ ಕಡಿಮೆ ನೀರೇಕೆ ಎಂದು ಕೆಲವರು ಕೇಳಿದರು. ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಅಡಿಗಳಲ್ಲೇ ಹೆಚ್ಚು ನೀರು ನಿಲ್ಲುತ್ತದೆ ಎಂದು ತೋರಿಸಲು, ಮನೆಯ ಬಾಣಲೆಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ, ಲೋಟದಿಂದ ಅಳೆದು ಸುರಿದು ವಿಡಿಯೊ ಮಾಡಿದೆ. ಚರ್ಚೆಯೆಲ್ಲ ಬಾಣಲೆಯ ಮೇಲೆ ಹೋಯಿತು: ಕಬ್ಬಿಣದ್ದೋ, ಎಷ್ಟು ಕೊಟ್ಟಿರಿ, ಎಲ್ಲಿ ಸಿಗುತ್ತದೆ. ಗುರುತು ಅಳಿಸಲು ಹೆಂಡತಿ ಒಂದು ವಾರ ತಿಕ್ಕಿದಳು. ವಿಡಿಯೊ ನನ್ನ ಕೈಹಿಡಿಯಲಿಲ್ಲ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನಾನು ಯಾವ ಪಕ್ಷಕ್ಕೆ ಮತ ಹಾಕುತ್ತೇನೆಂಬುದು ಊರಿಗೆಲ್ಲ ಗೊತ್ತು. ನಮ್ಮ ಕಡೆಯವರೇ, ದಿಲ್ಲಿಯಿಂದ ನಮಗೆ ತೆರಿಗೆಯ ಒಂದು ಪೈಸೆಯೂ ಬರುವುದಿಲ್ಲ ಎಂದು ಹಾಕಿದಾಗ ಅದನ್ನೂ ಇದೇ ಕ್ರಮದಲ್ಲಿ ಹಿಡಿದೆ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದ ಕಾಲದ ಶೇ 4.713ರಿಂದ 15ನೆಯದರಲ್ಲಿ ಶೇ 3.647ಕ್ಕೆ ಇಳಿದದ್ದು ನಿಜ, ಸೆಸ್ ಮತ್ತು ಸರ್‌ಚಾರ್ಜ್ ಹಂಚಿಕೆಗೆ ಬಾರದಿರುವುದೂ ನಿಜ, ಜಗಳವಾಡಲು ಇಷ್ಟು ಸಾಕಾಗಿತ್ತು. ಒಂದು ಪೈಸೆಯೂ ಇಲ್ಲವೆಂದು ಹೇಳಿ ಗಟ್ಟಿಯಾದ ವಾದವನ್ನು ಕೆಡಿಸಿಕೊಳ್ಳಬೇಡಿ ಎಂದೆ. ನಮ್ಮವರಲ್ಲಿ ಇಬ್ಬರು ಇಂದಿಗೂ ನನ್ನ ಅಂಗಡಿಗೆ ಬರುವುದಿಲ್ಲ. ಆದರೆ ಎದುರು ಪಕ್ಷದವರು ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಲು ಶುರುಮಾಡಿದ್ದು ಆ ದಿನದ ನಂತರವೇ.

ನಾನೇ ಮುಗ್ಗರಿಸಿದ್ದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ. 2023ರ ವಿಧಾನಸಭೆ ಚುನಾವಣೆಗೆ ಮುನ್ನ, ನೋಟಾಗೆ (ಮೇಲಿನ ಯಾರೂ ಅಲ್ಲ ಎಂಬ ಆಯ್ಕೆಗೆ) ಹೆಚ್ಚು ಮತ ಬಂದರೆ ಮರುಚುನಾವಣೆ ಎಂದು ಒಬ್ಬರು ಹಾಕಿದರು. ದೇಶದ ಯಾವ ಚುನಾವಣೆಯಲ್ಲೂ ಹಾಗಿಲ್ಲ, ಇದು ಶುದ್ಧ ಅಸಂಬದ್ಧವೆಂದು ನಾನು ಪ್ರಶ್ನೆ ಕೇಳದೆಯೇ ಬರೆದೆ. ಪುಣೆಯಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮಹಾರಾಷ್ಟ್ರ ರಾಜ್ಯ ಚುನಾವಣಾ ಆಯೋಗ 2018ರಲ್ಲಿ ಅಂಥದ್ದೇ ಆದೇಶ ಹೊರಡಿಸಿದ್ದನ್ನು ತೋರಿಸಿದ. ವಿಧಾನಸಭೆಗೆ ಅದು ಅನ್ವಯಿಸುವುದಿಲ್ಲವೆಂಬ ನನ್ನ ಮಾತು ಸರಿಯೇ ಆಗಿತ್ತು, ಆದರೆ "ಯಾವ ಚುನಾವಣೆಯಲ್ಲೂ" ಎಂಬ ಪದ ತಪ್ಪಾಗಿತ್ತು. ಅದನ್ನು ಗುಂಪಿನಲ್ಲೇ ಹಿಂತೆಗೆದುಕೊಂಡೆ. 

ಲೆಕ್ಕದ ಪುಸ್ತಕವೊಂದರಲ್ಲಿ ಎಲ್ಲವನ್ನೂ ಬರೆದಿಡುತ್ತೇನೆ. ನೆನಪಿನಿಂದ ಹೇಳುವುದಾದರೆ, ಈವರೆಗೆ ನೂರ ನಲವತ್ತರಷ್ಟು ಮಾತುಗಳನ್ನು ಹಿಡಿದಿದ್ದೇನೆ. ಎಂಬತ್ತಕ್ಕೂ ಹೆಚ್ಚು ಮಾತುಗಳು ಮೊದಲ ಪ್ರಶ್ನೆಗೇ ಸತ್ತವು, ಏಕೆಂದರೆ ಫಾರ್ವರ್ಡ್ ಮಾಡಿದವರಿಗೆ ಅದನ್ನು ತಮ್ಮ ಮಾತಿನಲ್ಲಿ ಒಂದು ಸಾಲು ಬರೆಯಲು ಬರಲಿಲ್ಲ. ಮೂವತ್ತರ ಹತ್ತಿರ ಜನ ಎಲ್ಲರೆದುರಿಗೆ ಒಪ್ಪಿದರು. ಐದಾರು ಜನ ಗುಂಪು ಬಿಟ್ಟರು. ಉಳಿದವರು ಬೈದರು. ಪತ್ರಿಕೆ, ಪ್ರಿಂಟ್, ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಗಳು, ಹೋದ ಗಿರಾಕಿಗಳು ಎಲ್ಲ ಸೇರಿ ನನಗೆ ಎಪ್ಪತ್ತು ಸಾವಿರವಾದರೂ ನಷ್ಟವಾಗಿರಬೇಕು. ಬಹುಪಾಲು ಆ ಶಾಲೆಯ ಕೆಲಸದ್ದೇ. ಕೇಳುವ ಪ್ರಶ್ನೆಗಳಲ್ಲಿ ಮೂರನೆಯದೊಂದಿದೆ, ಹಟಮಾರಿಗಳಿಗೆ ಮಾತ್ರ ಬಳಸುತ್ತೇನೆ. ಅದನ್ನೂ, ಉತ್ತರ ಹಾಕುವ ಸರಿಯಾದ ಹೊತ್ತು ಯಾವುದೆಂಬುದನ್ನೂ ಇಲ್ಲಿ ಬರೆಯುವುದಿಲ್ಲ. ನಮ್ಮ ಗುಂಪಿನವರೂ ಇದನ್ನು ಓದುತ್ತಾರೆ.

2024ರ ಜುಲೈನಲ್ಲಿ ಕಟ್ಟೆ ತುಂಬಿದಾಗ ಗುಂಪಿಗೆ ಮೊದಲು ಸುದ್ದಿ ಹಾಕಿದವರು ಚಿಕ್ಕಪ್ಪ. ಪತ್ರಿಕೆಯ ಪಟ್ಟಿಯ ಫೋಟೊ, ಅಡಿಗೊಂದು ಟಿಎಂಸಿಗೊಂದು ಕೆಂಪು ಗೆರೆ, ಮೂಲೆಯಲ್ಲಿ ಉಗುರಿಗೆ ಕೆಸರು ಅಂಟಿದ ಅವರ ಹೆಬ್ಬೆರಳು. ಕೆಳಗೆ, ಈ ಮಳೆ ತಮ್ಮ ಪಕ್ಷದ ಕಾಲ್ಗುಣದಿಂದಲೇ ಬಂದದ್ದೆಂದು ಬರೆದಿದ್ದರು. ಪುಸ್ತಕ ತೆಗೆದು ದಿನಾಂಕ ಹಾಕಿಕೊಂಡು, "ಚಿಕ್ಕಪ್ಪ, ಯಾವ ದಾಖಲೆ ತೋರಿಸಿದರೆ ಒಪ್ಪುತ್ತೀರಿ?" ಎಂದು ಕೇಳಿದೆ. ಅವರ ಉತ್ತರ ಇನ್ನೂ ಬಂದಿಲ್ಲ.