ಸೈಟ್ ಬದಲಾಯಿಸಿದರೂ ಗ್ರಾಹಕರಿಗೆ ಹಳೆ ದರವೇ ಕಾಣುತ್ತಿತ್ತು: ನನ್ನ ಅನುಭವ

ನಮ್ಮ ಚಿಕ್ಕ ವ್ಯವಹಾರದ ವೆಬ್‌ಸೈಟ್‌ನಲ್ಲಿ ಸೇವೆಗಳು, ದರ ಎಲ್ಲ ಬದಲಾಯಿಸಿದ್ದೆ. ಆದರೂ ಫೋನ್ ಮಾಡುವ ಹೊಸಬರು ಹಳೆ ದರವನ್ನೇ ಹೇಳುತ್ತಿದ್ದರು. ನನ್ನ ಕಂಪ್ಯೂಟರ್‌ನಲ್ಲಿ ನೋಡಿದರೆ ಎಲ್ಲ ಸರಿಯಾಗಿದೆ!

ಅಡ್ಮಿನ್ ಲಾಗಿನ್‌ನಿಂದ ಹೊರಬಂದು, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದಾಗ ವಿಷಯ ಗೊತ್ತಾಯಿತು. ಸೈಟ್ ಬೇಗ ತೆರೆಯಲೆಂದು ಪುಟಗಳ ಪ್ರತಿ ಉಳಿಸಿಡುವ ಕ್ಯಾಶ್ (cache) ಪ್ಲಗಿನ್, ಲಾಗಿನ್ ಆದವರಿಗೆ ತಾಜಾ ಪುಟ ಕೊಡುತ್ತಿತ್ತು, ಉಳಿದವರಿಗೆ ಮೊದಲೇ ಉಳಿಸಿಟ್ಟ ಪ್ರತಿ. ಪ್ಲಗಿನ್‌ನ ಕ್ಯಾಶ್ ಅಳಿಸಿದೆ. ಅಷ್ಟಕ್ಕೇ ಸಾಲಲಿಲ್ಲ, ಸೈಟ್‌ನ ಪ್ರತಿಗಳನ್ನು ಬೇರೆ ಬೇರೆ ಕಡೆಯ ಸರ್ವರ್‌ಗಳಲ್ಲಿಟ್ಟು ಹಂಚುವ ಸಿಡಿಎನ್‌ನಲ್ಲೂ ಒಂದು ಪ್ರತಿ ಕೂತಿತ್ತು. ಅದನ್ನೂ ತೆಗೆದೆ. ಈಗ ಪುಟಗಳ ಜೊತೆ ಸರ್ವರ್ ಬ್ರೌಸರ್‌ಗೆ ಕಳಿಸುವ ಸೂಚನೆಯಾದ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ 'ನೋ-ಕ್ಯಾಶ್' ಇಟ್ಟಿದ್ದೇನೆ. ಬ್ರೌಸರ್ ಪ್ರತಿ ಸಲವೂ ಸರ್ವರ್ ಅನ್ನು ಕೇಳಿಯೇ ಪುಟ ತೋರಿಸುತ್ತದೆ. ಚಿತ್ರಗಳಿಗೆ ಇದು ಬೇಡ, ಸುಮ್ನೆ ಸೈಟ್ ನಿಧಾನವಾಗುತ್ತದೆ.

ಇಷ್ಟಾದರೂ ಹಳೆ ದರ ಕೇಳುವವರು ಪೂರ್ತಿ ನಿಲ್ಲಲಿಲ್ಲ. ಜಾಸ್ತಿ ತಲೆ ತಿಂದಿದ್ದು ಇದೇ. ಹಳೆ ದರಪಟ್ಟಿಯ ಪಿಡಿಎಫ್ ಸರ್ವರ್‌ನಲ್ಲೇ ಉಳಿದಿತ್ತು. ಪುಟದಿಂದ ಲಿಂಕ್ ತೆಗೆದರೆ ಫೈಲ್ ಹೋಗುವುದಿಲ್ಲ ಅಲ್ವಾ? ಜನ ಗೂಗಲ್‌ನಿಂದ ನೇರವಾಗಿ ಅದನ್ನೇ ತೆರೆಯುತ್ತಿದ್ದರು. ಆ ವಿಳಾಸಕ್ಕೆ 301 ರೀಡೈರೆಕ್ಟ್ (ಶಾಶ್ವತವಾಗಿ ಬೇರೆ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಹಾಕಿ ಹೊಸ ದರದ ಪುಟಕ್ಕೆ ಕಳಿಸಿದೆ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹೊಸ ಪುಟಕ್ಕೆ ಇಂಡೆಕ್ಸಿಂಗ್ (ಗೂಗಲ್‌ನ ಹುಡುಕಾಟದ ಪಟ್ಟಿಗೆ ಸೇರಿಸುವುದು) ಕೋರಿದೆ. ಹುಡುಕಾಟದ ಫಲಿತಾಂಶದಿಂದ ಪುಟ ತೆಗೆಸಲು ಅಲ್ಲಿರುವ ರಿಮೂವಲ್ಸ್ ಬಳಸಲಿಲ್ಲ. ಅದು ಸುಮಾರು 6 ತಿಂಗಳು ಮಾತ್ರ ಮರೆಮಾಡುತ್ತದೆ.

ದರಕ್ಕೆ ಈಗ ಪಿಡಿಎಫ್ ಇಲ್ಲ, ಒಂದೇ ಪುಟ. ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಸಮಯ, ಫೋನ್ ನಂಬರ್ ಮಾತ್ರ ಬೇರೆಯಾಗಿಯೇ ತಿದ್ದಬೇಕು. ಸೈಟ್ ಬದಲಾಯಿಸಿದ ದಿನವೇ ಅದನ್ನೂ ಮುಗಿಸಿಬಿಡುತ್ತೇನೆ.