ಕಲಿಸುವ ಫೋಟೊಗ್ರಫಿ ಮ್ಯಾಗಜಿನ್ ಆರಿಸುವುದು ಹೇಗೆ?

ಫೋಟೊ ತೆಗೆಯಲು ಶುರು ಮಾಡಿದ ಹೊಸದರಲ್ಲಿ ನಾನು ಒಂದು ಮ್ಯಾಗಜಿನ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಮುಖಪುಟ ಚೆನ್ನಾಗಿತ್ತು, ಅಷ್ಟೇ ಕಾರಣ. ಹನ್ನೆರಡು ಸಂಚಿಕೆ ಮುಗಿಯುವ ಹೊತ್ತಿಗೆ ಲೆನ್ಸ್‌ಗಳ ಹೆಸರೆಲ್ಲ ಬಾಯಿಪಾಠವಾಗಿತ್ತು, ಆದರೆ ಕಿಟಕಿ ಪಕ್ಕ ಕೂತವರ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆ ಅಂತ ಗಮನಿಸುವುದು ಬಂದಿರಲಿಲ್ಲ. ಆ ವರ್ಷ ಹೋಯಿತಲ್ಲ ಅಂತ ಈಗಲೂ ಬೇಜಾರಾಗುತ್ತದೆ. ನಿಮಗೆ ಹಾಗಾಗಬಾರದು.

ಮೊದಲು ಒಂದು ಚೀಟಿ ಬರೆಯಿರಿ

ನಿಮಗೆ ಏನು ಬರುತ್ತಿಲ್ಲ? ಸಂಜೆ ಬೆಳಕಿನಲ್ಲಿ ಫೋಟೊ ಅಲುಗಾಡುತ್ತದಾ, ಅಥವಾ ಎಲ್ಲ ಸರಿಯಿದ್ದೂ ಚಿತ್ರ ಸಪ್ಪೆಯಾಗಿ ಕಾಣುತ್ತದಾ? ಮೊದಲನೆಯದಕ್ಕೆ ಕಲಿಸುವ ಮ್ಯಾಗಜಿನ್ ಬೇಕು. 1884ರಿಂದ ಬರುತ್ತಿರುವ ಬ್ರಿಟನ್ನಿನ ‘ಅಮೆಚೂರ್ ಫೋಟೊಗ್ರಾಫರ್’ ಆ ಜಾತಿಯದು. ಎರಡನೆಯದಕ್ಕೆ ಕಣ್ಣನ್ನು ಪಳಗಿಸುವ ಮ್ಯಾಗಜಿನ್ ಬೇಕು. ಅಮೆರಿಕದ ಫೋಟೊಗ್ರಾಫರ್‌ಗಳಾದ ಮೈನರ್ ವೈಟ್, ಆನ್ಸೆಲ್ ಆಡಮ್ಸ್, ಡೊರೊಥಿಯಾ ಲ್ಯಾಂಗ್ ಮುಂತಾದವರು ಸೇರಿ 1952ರಲ್ಲಿ ಶುರು ಮಾಡಿದ ‘ಅಪರ್ಚರ್’ ಅಂಥದ್ದು. ಅದರಲ್ಲಿ ಕ್ಯಾಮೆರಾ ಸೆಟ್ಟಿಂಗ್ ಹುಡುಕಿದರೆ ನಿರಾಸೆಯಾಗುತ್ತದೆ, ಅದರ ಕೆಲಸವೇ ಬೇರೆ. ಎರಡೂ ಒಂದರಲ್ಲೇ ಸಿಗಲಿ ಅಂತ ಹುಡುಕುತ್ತಾ ಕೂರಬೇಡಿ, ಒಂದೊಂದು ಇಟ್ಟುಕೊಳ್ಳಿ.

ಪುಟ ಎಣಿಸಿ

ಒಂದೇ ಒಂದು ಸಂಚಿಕೆ ಕೈಗೆ ತೆಗೆದುಕೊಳ್ಳಿ. ಜಾಹೀರಾತು ಎಷ್ಟು ಪುಟ, ಹೊಸ ಕ್ಯಾಮೆರಾಗಳ ವಿಮರ್ಶೆ ಎಷ್ಟು, ಫೋಟೊ ಎಷ್ಟು ಅಂತ ಎಣಿಸಿ. ಐದು ನಿಮಿಷದ ಕೆಲಸ. ಅರ್ಧಕ್ಕಿಂತ ಜಾಸ್ತಿ ಸಾಮಾನಿನ ಮಾತೇ ಇದ್ದರೆ ಕೆಳಗಿಡಿ. ಕ್ಯಾಮೆರಾ ಕೊಳ್ಳುವ ತಿಂಗಳು ಅದು ಬೇಕಾಗಬಹುದು, ಪ್ರತಿ ತಿಂಗಳೂ ಬೇಡ.

ಅಡಿಬರಹ ಓದಿ, ಇದೇ ಮುಖ್ಯ

ಕಲಿಸುವ ಮ್ಯಾಗಜಿನ್ನಿನ ಯೋಗ್ಯತೆ ಗೊತ್ತಾಗುವುದು ಫೋಟೊ ಕೆಳಗಿನ ಎರಡು ಸಾಲಿನಲ್ಲಿ. ಓಡುವ ಸೈಕಲ್ಲಿನ ಚಿತ್ರ ಅಂದುಕೊಳ್ಳಿ. ಕೆಳಗೆ ‘ಎಫ್/11, 1/30 ಸೆಕೆಂಡ್, ಐಎಸ್‌ಒ 100’ ಅಂತಷ್ಟೇ ಇದ್ದರೆ ನಿಮಗೆ ಸಿಕ್ಕಿದ್ದು ಮೂರು ಅಂಕಿ: ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು, ಎಷ್ಟು ಹೊತ್ತು ಬೆಳಕು ಒಳಗೆ ಬಂತು, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿತ್ತು. ನಾಳೆ ನಿಮ್ಮ ಮುಂದೆ ಬೇರೆ ಬೆಳಕಿರುತ್ತದೆ, ಬೇರೆ ಸೈಕಲ್ ಬರುತ್ತದೆ, ಆ ಅಂಕಿ ಇಟ್ಟುಕೊಂಡು ಏನು ಮಾಡುತ್ತೀರಿ? ಅದರ ಬದಲು ‘1/500ಕ್ಕೆ ತೆಗೆದಾಗ ಸೈಕಲ್ ನಿಂತ ಹಾಗೆ ಕಂಡಿತು, ಅದಕ್ಕೆ 1/30ಕ್ಕೆ ಇಳಿಸಿ ಅದರ ಜೊತೆಗೇ ಕ್ಯಾಮೆರಾ ತಿರುಗಿಸಿದೆ, ಹಿಂದಿನ ಗೋಡೆ ಗೆರೆಗೆರೆಯಾಯಿತು, ಸವಾರನ ಮುಖ ಉಳಿಯಿತು’ ಅಂತ ಬರೆದಿದ್ದರೆ? ಅಲ್ಲಿ ಪಾಠ ಇದೆ. ಯಾಕೆ ಹಾಗೆ ಮಾಡಿದರು, ಮೊದಲು ಏನು ಕೆಟ್ಟಿತು ಅನ್ನುವುದನ್ನು ಹೇಳುವ ಮ್ಯಾಗಜಿನ್ ಸಿಕ್ಕರೆ, ಅದರ ಹಾಳೆ ತೆಳುವಾಗಿದ್ದರೂ ಬಿಡಬೇಡಿ.

ಚಿತ್ರಗಳ ಸಾಲು ನೋಡಿ

ಸ್ಫೂರ್ತಿಗೆ ಅಂತ ಕೊಳ್ಳುವುದಾದರೆ ಬಿಡಿ ಫೋಟೊಗಳಿಗಿಂತ ಚಿತ್ರಕಥೆಗಳು, ಅಂದರೆ ಸಾಲಾಗಿ ಜೋಡಿಸಿದ ಫೋಟೊಗಳಲ್ಲೇ ಹೇಳುವ ಕಥೆಗಳು, ಎಷ್ಟಿವೆ ನೋಡಿ. ಅಮೆರಿಕದ ‘ಲೈಫ್’ ಪತ್ರಿಕೆಯ 1948ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ ಡಬ್ಲ್ಯೂ. ಯೂಜಿನ್ ಸ್ಮಿತ್ ಅವರ ‘ಕಂಟ್ರಿ ಡಾಕ್ಟರ್’ ಬಂತು. ಕೊಲರಾಡೊದ ಒಂದು ಸಣ್ಣ ಊರಿನ ವೈದ್ಯರ ಜೊತೆ ವಾರಗಟ್ಟಲೆ ಓಡಾಡಿ ತೆಗೆದದ್ದು. ಅದರಲ್ಲೊಂದು ಚಿತ್ರವಿದೆ: ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಉಳಿಯದ ರಾತ್ರಿ, ಆಪರೇಷನ್ ಬಟ್ಟೆಯಲ್ಲೇ ವೈದ್ಯರು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಾರೆ, ಕೈಯಲ್ಲಿ ಕಾಫಿ ಕಪ್ಪು. ಆ ಕಪ್ಪು ಹಿಡಿದ ಕೈಯನ್ನೇ ನಾನು ತುಂಬಾ ಹೊತ್ತು ನೋಡಿದ್ದೇನೆ. ಹಿಂದಿನ ಪುಟಗಳಲ್ಲಿ ಅವರ ದುಡಿಮೆ ನೋಡಿ ಬಂದಿರುತ್ತೇವೆ, ಅದಕ್ಕೇ ಆ ಸುಸ್ತು ನಮಗೂ ತಟ್ಟುತ್ತದೆ. ಯಾವ ಚಿತ್ರ ಮೊದಲು, ಯಾವುದು ದೊಡ್ಡದು, ಯಾವುದರ ಪಕ್ಕ ಯಾವುದು ಅನ್ನುವ ವಿವೇಕ ಫೋನಿನಲ್ಲಿ ಒಂದೊಂದೇ ಫೋಟೊ ಸರಿಸುತ್ತಾ ಹೋದರೆ ಬರುವುದಿಲ್ಲ. ಮ್ಯಾಗಜಿನ್ ಕೊಳ್ಳುವುದೇ ಇದಕ್ಕೆ ಅಂತ ನನಗನ್ನಿಸುತ್ತದೆ.

ಮುದ್ರಣವನ್ನೂ ಒಮ್ಮೆ ನೋಡಿ. ಕಪ್ಪು ಕೂದಲು ಬರೀ ಮಸಿಯ ಮುದ್ದೆಯಾಗಿದ್ದರೆ ನೆರಳಿನ ಪಾಠ ಅಲ್ಲಿ ಸಿಗುವುದಿಲ್ಲ.

ಹಳೆಯವನ್ನು ಬಿಡಬೇಡಿ

ಸಾಮಾನಿನ ವಿಮರ್ಶೆ ಬೇಗ ಹಳತಾಗುತ್ತದೆ, ಬೆಳಕಿನ ಮಾತು ಹಳತಾಗುವುದಿಲ್ಲ. ‘ಲೈಫ್’ನ 1936ರಿಂದ 1972ರವರೆಗಿನ ವಾರದ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅಮೆರಿಕದ ಫೋಟೊಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1903ರಿಂದ 1917ರವರೆಗೆ ತಂದ ‘ಕ್ಯಾಮೆರಾ ವರ್ಕ್’ ಪತ್ರಿಕೆ ಕೂಡ ಇಂಟರ್‌ನೆಟ್‌ನಲ್ಲಿದೆ. ಒಂದು ರೂಪಾಯಿ ಖರ್ಚಿಲ್ಲದೆ ತಿಂಗಳುಗಟ್ಟಲೆ ನೋಡುವಷ್ಟಿದೆ, ಅಲ್ವಾ?

ಚಂದಾ ಕೊನೆಗೆ

ಇಷ್ಟವಾದ ಮ್ಯಾಗಜಿನ್ನಿನ ಒಂದು ಸಂಚಿಕೆ ಓದಿ, ಒಂದು ಲೇಖನ ಆರಿಸಿ, ಅದೇ ವಾರ ಅದನ್ನು ನಿಮ್ಮ ಕ್ಯಾಮೆರಾದಲ್ಲಿ ಮಾಡಿ ನೋಡಿ. ಹೀಗೆ ಮೂರು ಸಂಚಿಕೆ. ಪ್ರತಿ ಸಲ ಚೆನ್ನಾಗಿ ಬಂದ ಒಂದು ಫೋಟೊ, ಕೆಟ್ಟ ಒಂದು ಫೋಟೊ ಎತ್ತಿಡಿ. ಮೂರನೆಯ ಸಂಚಿಕೆ ಆದಮೇಲೆ ಆ ಆರನ್ನೂ ಮೇಜಿನ ಮೇಲೆ ಹರಡಿ, ಮೊದಲು ಬರೆದ ಚೀಟಿ ಪಕ್ಕದಲ್ಲಿಡಿ. ಚೀಟಿಯಲ್ಲಿ ಒಂದು ಸಾಲಾದರೂ ಹೊಡೆದುಹಾಕುವ ಹಾಗಿದ್ದರೆ ಚಂದಾ ಕಟ್ಟಿ.